ನಡುವಿನ ಕೊಕ್ಕೆ

ಪ್ರೀತಿಯ ಅಪ್ಪ,

ಪತ್ರ ಅಂದರೆ ಮೇಲೆ ‘ತೀರ್ಥರೂಪು’, ಅದರ ಕೆಳಗೆ ‘ಇತ್ತ ನಾವೆಲ್ಲ ಕ್ಷೇಮ’ ಎಂದು ಬರೆಯಬೇಕೆಂದು ನೀನೇ ಕಲಿಸಿದ್ದೆ. ಎರಡನೆಯದನ್ನು ಬರೆಯಲು ಕೈ ಬರಲಿಲ್ಲ, ಅದಕ್ಕೆ ಮೊದಲನೆಯದನ್ನೂ ಬಿಟ್ಟೆ. ಕ್ಷೇಮ, ಏನಿಲ್ಲ, ಸರಿಹೋಗುತ್ತೆ. ಈ ಮನೆಯಲ್ಲಿ ಆ ಮಾತುಗಳನ್ನು ನೀನು ಆಡಿ ಆಡಿ ಸವೆಸಿಬಿಟ್ಟಿದ್ದೀಯ.

ನೀನು ಹೋದ ಎರಡು ತಿಂಗಳಿಗೆ ನನ್ನ ಮಗಳು ಹುಟ್ಟಿದಳು. ಹೆಸರು ನಂದಿನಿ. ಹಣೆ ನಿನ್ನದೇ ಅಂತ ಅಮ್ಮ ಅಂದಳು, ನಾನು ಒಪ್ಪಲಿಲ್ಲ. ಬಾಣಂತನ ಮುಗಿಸಿ ಅಮ್ಮ ಪರ್ತ್‌ಗೆ, ನನ್ನ ತಮ್ಮ ರವಿಯ ಮನೆಗೆ ಹೋಗಿದ್ದಾಳೆ. ನನ್ನವರಿಗೆ, ಮೋಹನ್‌ಗೆ, ಬ್ರಿಸ್ಬೇನ್ ಹತ್ತಿರದ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ಆರು ತಿಂಗಳ ಕೆಲಸ ಸಿಕ್ಕಿದೆ. ಹೀಗಾಗಿ ಅಡಿಲೇಡಿನ ಈ ತುದಿಯಲ್ಲಿ, ಸ್ಯಾಲಿಸ್‌ಬರಿಯ ನಿನ್ನ ಮನೆಯಲ್ಲಿ, ನಾನು, ಮಗು ಮತ್ತು ನಿನ್ನ ಪುಸ್ತಕ. ಮಗು ಮಲಗಿದಾಗ ನೀನೂ ಮಲಗು ಎಂದು ಎಲ್ಲರೂ ಹೇಳುತ್ತಾರೆ. ಅವಳು ಮಲಗಿದಾಗ ನಾನು ಅವಳ ಎದೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು ತೊಟ್ಟಿಲಿನ ಮೇಲೆ ಬಗ್ಗಿಕೊಂಡಿರುತ್ತೇನೆ. ಕ್ಲಿನಿಕ್ಕಿನ ಸಿಸ್ಟರ್ ತೂಕ ಮಾಡಿ ‘ಮಗು ಚೆನ್ನಾಗಿದೆ’ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಡಾಕ್ಟರುಗಳು ಏನೂ ಇಲ್ಲ ಎಂದಾಗ ಏನೇನು ಇರುತ್ತದೆ ಎಂಬುದು ನನಗೆ ಈಗ ಗೊತ್ತು. ಅದನ್ನು ಹೇಳಲಿಕ್ಕೇ ಈ ಕಾಗದ.

ನಾವು ಮೈಸೂರಿನಿಂದ ಬಂದ ಮೊದಲ ಚಳಿಗಾಲದಲ್ಲಿ ನಾನು ಸ್ಕೂಲು ಬಿಟ್ಟು ನೇರ ನಿನ್ನ ಕ್ಲಿನಿಕ್ಕಿಗೆ ಬಂದು ಕೂರುತ್ತಿದ್ದೆ. ಹದಿಮೂರು ವರ್ಷ ನನಗೆ. ಬಾಗಿಲು ತೆರೆದು ಬಂದವರು ಗೋಡೆಯ ಮೇಲಿನ ನಿನ್ನ ಹೆಸರನ್ನು ಓದಲು ನೋಡಿ, ಅರ್ಧಕ್ಕೇ ಬಿಟ್ಟು, ‘ಇನ್ನೊಬ್ಬ ಡಾಕ್ಟರು ಯಾವಾಗ ಬರ್ತಾರೆ?’ ಎಂದು ಕೇಳುತ್ತಿದ್ದರು. ಇನ್ನೊಬ್ಬ ಡಾಕ್ಟರು ಬರುತ್ತಿದ್ದುದು ವಾರಕ್ಕೆ ಎರಡು ದಿನ. ಅವರು ಆ ಎರಡು ದಿನಕ್ಕೆ ಕಾಯಲು ತಯಾರಿದ್ದರು, ಕೆಮ್ಮಿಕೊಂಡೇ. ನೀನು ಹೊರಗೆ ಬಂದು ಮೇಜಿನ ಮೇಲಿನ ಹಳೇ ಪತ್ರಿಕೆಗಳನ್ನು ಸರಿಯಾಗಿ ಜೋಡಿಸಿ ಒಳಗೆ ಹೋಗುತ್ತಿದ್ದೆ. ದಿನಕ್ಕೆ ಎಷ್ಟು ಸಲ ಜೋಡಿಸುತ್ತಿದ್ದೆ ಅಪ್ಪ? ನಾನು ಹೋಮ್‌ವರ್ಕ್ ನೋಡುವವಳ ಹಾಗೆ ತಲೆ ತಗ್ಗಿಸಿಕೊಳ್ಳುತ್ತಿದ್ದೆ.

ಆಮೇಲೆ ರಸ್ ಬಂದ. ಒಂದು ಶನಿವಾರ ಮಧ್ಯಾಹ್ನ, ಮೈಯೆಲ್ಲ ಕೆಸರು, ಎಡ ಭುಜ ಕೀಲು ತಪ್ಪಿ ಮುಂದಕ್ಕೆ ಜೋತು ಬಿದ್ದಿತ್ತು. ಜೊತೆಗೆ ಅವನಷ್ಟೇ ಕೆಸರಾದ ಇಬ್ಬರು. ‘ಇನ್ನೊಬ್ಬ ಡಾಕ್ಟರು’ ಎಂದು ಒಬ್ಬ ಬಾಯಿ ತೆರೆದ. ರಸ್ ಹಲ್ಲು ಕಚ್ಚಿಕೊಂಡು, ‘ಇವರಿಗೂ ಎರಡು ಕೈ ಇದೆ, ಮುಚ್ಕೊಂಡಿರು’ ಎಂದ. ಎರಡೇ ನಿಮಿಷ. ಒಳಗಿನಿಂದ ಟಕ್ ಎಂಬ ಸದ್ದು ಬಂತು, ಅದರ ಹಿಂದೆಯೇ ರಸ್‌ನ ನಗು. ಮುಂದಿನ ಗುರುವಾರ ಅವನೇ ಕಾರು ತಂದು ನಿನ್ನನ್ನು ಫುಟ್‌ಬಾಲ್ ಕ್ಲಬ್ಬಿಗೆ ಕರೆದುಕೊಂಡು ಹೋಗಿ, ‘ಇನ್ನು ಮೇಲೆ ಇವರು ನಮ್ಮ ಡಾಕ್’ ಎಂದು ಹೇಳಿದನಂತೆ. ಅದರ ಮುಂದಿನ ಸೋಮವಾರ ಕ್ಲಿನಿಕ್ಕಿನಲ್ಲಿ ನನಗೆ ಕೂರಲು ಕುರ್ಚಿ ಇರಲಿಲ್ಲ.

ಅಮ್ಮ ಒಂದೇ ಒಂದು ಮ್ಯಾಚಿಗೆ ಬಂದಿದ್ದಳು, ನೆನಪಿದೆಯಾ? ಸೀರೆಯ ಮೇಲೆ ನಿನ್ನ ಕೋಟು ಹಾಕಿಕೊಂಡು, ‘ಇದೆಂಥ ಫುಟ್‌ಬಾಲು ರೀ, ಚೆಂಡನ್ನ ಕಂಕುಳಲ್ಲಿ ಇಟ್ಕೊಂಡು ಓಡ್ತಾರೆ. ಚೆಂಡೂ ದುಂಡಗಿಲ್ಲ’ ಎಂದಳು. ನೀನು ಅವಳಿಗೆ ರಸ್‌ನನ್ನು ತೋರಿಸಿದೆ. ‘ಅಲ್ಲಿ ನೋಡು, ನಡುವೆ ನಿಂತಿದ್ದಾನಲ್ಲ. ಚೆಂಡು ಅವನ ಕೈಗೆ ಬಂದ ಮೇಲೇ ಆಟ. ಯಾರು ಎಲ್ಲಿದ್ದಾರೆ ಅಂತ ತಿರುಗಿ ನೋಡದೇನೇ ಗೊತ್ತು ಅವನಿಗೆ.’ ನಿಜ, ಗೊತ್ತಿತ್ತು. ನಿನ್ನ ಮುಖದಲ್ಲಿ ಅವತ್ತು ಇದ್ದ ಹೆಮ್ಮೆಯನ್ನು ನಾನು ಹತ್ತನೇ ಕ್ಲಾಸಿನಲ್ಲಿ ಮೊದಲು ಬಂದಾಗಲೂ ನೋಡಿರಲಿಲ್ಲ.

ಕ್ಲಬ್ಬಿನಲ್ಲಿ ಗುರುವಾರ ಟೀಮು ಆರಿಸುವ ಆ ಕೋಣೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬರೆಯುತ್ತೇನೆ, ಮುಂದಿನದಕ್ಕೆ ಅದು ಬೇಕು. ಗೋಡೆಯ ಮೇಲೆ ಮೈದಾನದ ಆಕಾರದ ಹಲಗೆ, ಅದರಲ್ಲಿ ಹದಿನೆಂಟು ಹಿತ್ತಾಳೆ ಕೊಕ್ಕೆ. ಪ್ರತಿ ಆಟಗಾರನ ಹೆಸರು ಒಂದೊಂದು ತಗಡಿನ ಬಿಲ್ಲೆಯಲ್ಲಿ. ಶನಿವಾರ ಆಡುವವರ ಬಿಲ್ಲೆ ಕೊಕ್ಕೆಗೆ, ಉಳಿದವರದ್ದು ಹಳೇ ಬಿಸ್ಕತ್ತಿನ ಡಬ್ಬಿಗೆ. ‘ಡಬ್ಬಿಗೆ ಬಿದ್ದ’ ಎಂದರೆ ಈ ಊರಿನಲ್ಲಿ ಮುಖ ತೋರಿಸುವುದೇ ಕಷ್ಟ. ನಡುವಿನ ಕೊಕ್ಕೆ ಹನ್ನೊಂದು ವರ್ಷದಿಂದ ರಸ್‌ನದು. ಬಿಲ್ಲೆ ತೂಗಿ ತೂಗಿ ಹಿಂದಿನ ಮರದಲ್ಲಿ ಅರ್ಧಚಂದ್ರದ ಗೀರು ಬಿದ್ದಿತ್ತು. ಮರ್ವ್, ಅದೇ ಕ್ಲಬ್ಬಿನ ಅಧ್ಯಕ್ಷ, ಒಂದೊಂದೇ ಹೆಸರು ಓದುತ್ತಿದ್ದ. ನೀನು ನಿನ್ನ ಉದ್ದನೆಯ ಕೆಂಪು ಪುಸ್ತಕ ತೆರೆದು, ಬೆರಳು ಆಡಿಸಿ, ‘ಸರಿ’ ಅಥವಾ ‘ಸರಿಯಿಲ್ಲ’ ಎನ್ನುತ್ತಿದ್ದೆ. ಅಷ್ಟೇ. ಅದರ ಮೇಲೆ ಮಾತಿಲ್ಲ.

ಆ ಪುಸ್ತಕವನ್ನು ಕನ್ನಡದಲ್ಲಿ ಬರೆಯಲು ಶುರು ಮಾಡಿದ ದಿನ ನೀನು ಮನೆಗೆ ಬಂದು ನಕ್ಕಿದ್ದು ಜ್ಞಾಪಕ ಇದೆ. ಯಾವನೋ ಆಟಗಾರ ನಿನ್ನ ಮೇಜಿನ ಮೇಲಿದ್ದುದನ್ನು ತೆಗೆದು ಓದಿ, ಇನ್ನೊಬ್ಬನ ಮೂಲವ್ಯಾಧಿಯ ವಿಷಯವನ್ನು ಬಾರಿನಲ್ಲಿ ಎಲ್ಲರಿಗೂ ಸಾರಿದ್ದ. ‘ಇನ್ನು ಓದಲಿ ನೋಡೋಣ’ ಎಂದೆ ನೀನು. ಅವರು ಅದಕ್ಕೆ ‘ಡಾಕ್‌ನ ಇರುವೆಗಳು’ ಎಂದು ಹೆಸರಿಟ್ಟರು. ಆ ಇರುವೆಗಳ ಮುಂದೆ ನಲವತ್ತು ಜನ ದಾಂಡಿಗರು ಕೈಕಟ್ಟಿ ನಿಲ್ಲುತ್ತಾರೆಂದು ನನಗೆ ಎಷ್ಟು ಖುಷಿ. ಸ್ಕೂಲಿನಲ್ಲಿ ನನ್ನ ಊಟದ ಡಬ್ಬಿ ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದ ಹುಡುಗಿಯ ಅಣ್ಣನೂ ಅವರಲ್ಲಿದ್ದ. ನಮ್ಮ ಅಕ್ಷರಕ್ಕೆ ಈ ದೇಶದಲ್ಲಿ ಅಧಿಕಾರ ಇದ್ದ ಒಂದೇ ಜಾಗ ಅದು. ಅದರೊಳಗೆ ನೀನು ಏನು ಬರೆಯುತ್ತಿದ್ದೆ ಎಂದು ನಾನು ಯಾವತ್ತೂ ಕೇಳಲಿಲ್ಲ.

ಜನವರಿಯ ಆ ಮಂಗಳವಾರ ಬಿಸಿಲು ನಲವತ್ತು ದಾಟಿತ್ತು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ರೋಗಿಗಳ ಮಂಚದ ಮೇಲೆ ನೀನು ಮಲಗಿದ್ದೆ. ನಿದ್ದೆ ಮಾಡ್ತಿದ್ದಾರೆ ಎಂದು ಕೌಂಟರಿನ ಹೆಂಗಸು ಮುಕ್ಕಾಲು ಗಂಟೆ ಯಾರನ್ನೂ ಒಳಗೆ ಬಿಡಲಿಲ್ಲ. ಎದೆನೋವು ಅಂತ ಒಂದು ದಿನ ಅಂದವರಲ್ಲ, ಹೀಗೆ ಹೇಗಾಯ್ತು ಎಂದು ಅಮ್ಮ ಹದಿಮೂರು ದಿನವೂ ಬಂದವರಿಗೆಲ್ಲ ಹೇಳಿದಳು. ತುಂಬಿದ ಬಸುರಿ ನಾನು. ನಿನ್ನನ್ನು ಕೊನೆಗೆ ನೋಡಲು ಹಿರಿಯರು ನನ್ನನ್ನು ಬಿಡಲಿಲ್ಲ. ಆದರೆ ರಸ್ ನಿನಗೆ ಹೆಗಲು ಕೊಟ್ಟ. ಕುಂಟುತ್ತ ಕುಂಟುತ್ತ ಕೊಟ್ಟ. ಕಿಟಕಿಯಿಂದ ನೋಡಿದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಮರ್ವ್ ಮನೆಗೆ ಬಂದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮಗುವನ್ನು ನೋಡಿ, ಹವೆ ನೋಡಿ, ಗೋಡೆ ನೋಡಿ, ಕೊನೆಗೆ ವಿಷಯಕ್ಕೆ ಬಂದ. ಟೀಮು ಐದಕ್ಕೆ ಐದೂ ಸೋತಿತ್ತು. ರಸ್‌ಗೆ ಮೂವತ್ತಾರು. ಎದುರಾಳಿಗಳು ಅವನ ಬಲಗಡೆಯಿಂದಲೇ ಓಡುತ್ತಾರೆ, ಅವನು ಆ ಕಡೆ ತಿರುಗಲಾರ. ಕೋಚ್‌ಗೆ ಅವನನ್ನು ತೆಗೆಯಬೇಕೆಂದಿದೆ. ಅರ್ಧ ಕಮಿಟಿಗೂ ಹಾಗೇ, ಇನ್ನರ್ಧಕ್ಕೆ ರಸ್ ಇಲ್ಲದ ಟೀಮನ್ನು ನೆನೆಸಿಕೊಳ್ಳಲೂ ಆಗದು.

‘ಹಾಗಿದ್ದರೆ ಅವನಿಗೇ ಹೇಳಿ’ ಎಂದೆ.

‘ಯಾರು ಹೇಳೋದು, ಲವ್?’ ಎಂದ ಮರ್ವ್, ಎಲ್ಲ ಹುಡುಗಿಯರನ್ನೂ ಕರೆಯುವ ಹಾಗೆ. ‘ಅವನು ಒಂದೇ ಹಟ. ಕ್ರಿಸ್‌ಮಸ್‌ಗೆ ಮುಂಚೆ ಡಾಕ್ ಮಂಡಿ ನೋಡಿ ಈ ವರ್ಷವೂ ಆಡು ಅಂದಿದ್ದಾರಂತೆ. ಪುಸ್ತಕದಲ್ಲಿ ಇದೆ, ಬೇಕಾದ್ರೆ ಓದಿಸಿ ಅಂತಾನೆ.’ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. ‘ಡಾಕ್ ಸರಿಯಿಲ್ಲ ಅಂತ ಬರೆದಿದ್ರೆ ಅವನು ಸುಮ್ಮನೆ ಹೋಗ್ತಾನೆ. ನಮ್ಮಿಂದ ಕೇಳಲ್ಲ. ನೀನು ಗುರುವಾರ ಬಂದು ಓದಿಬಿಡು. ಏನು ಬರೆದಿದ್ರೂ... ಅಂದ್ರೆ, ಆ ಇರುವೆಗಳನ್ನ ನಾವ್ಯಾರೂ ಓದೋರಲ್ಲ, ಗೊತ್ತಲ್ಲ?’

ಗೊತ್ತಾಯಿತು. ಬದುಕಿರುವ ಒಂಬತ್ತು ಜನ ಕಮಿಟಿಯವರಿಗೆ ಧೈರ್ಯ ಇಲ್ಲದ ಮಾತನ್ನು ಸತ್ತವನ ಬಾಯಲ್ಲಿ ಆಡಿಸಬೇಕಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಸುದ್ದಿ ಹೇಳಿದ: ಡ್ರೆಸಿಂಗ್ ರೂಮಿನ ಪಕ್ಕದ ಕೋಣೆಗೆ ನಿನ್ನ ಹೆಸರಿಡುತ್ತಾರಂತೆ. ಮರದ ಫಲಕ ತಯಾರಾಗಿದೆ. ನಿನ್ನ ಹೆಸರು ಪೂರ್ತಿ ಇದೆ, ತಪ್ಪಿಲ್ಲದೆ. ನನಗೆ ಅವನೆದುರಿಗೇ ಅಳು ಬಂತು. ಹನ್ನೆರಡು ವರ್ಷದ ಹಿಂದೆ ಅರ್ಧಕ್ಕೇ ಬಿಡುತ್ತಿದ್ದ ಹೆಸರು.

ಅವತ್ತೇ ನಿನ್ನ ಪುಸ್ತಕ ತೆರೆದೆ. ನಿನ್ನ ಅಕ್ಷರ ಎಷ್ಟು ಮುದ್ದು ಅಪ್ಪ, ಡಾಕ್ಟರ ಅಕ್ಷರವೇ ಅಲ್ಲ. ಒಬ್ಬೊಬ್ಬನಿಗೆ ಒಂದೊಂದು ಹಾಳೆ. ರಸ್‌ಗೆ ಮಾತ್ರ ಒಂಬತ್ತು. ಎರಡು ಚಳಿಗಾಲದ ಹಿಂದಿನ ಒಂದು ಗುರುವಾರ ಹೀಗಿದೆ: ‘ಬಲ ಮಂಡಿ. ಒಳಗೆ ಮೆತ್ತೆ ಉಳಿದಿಲ್ಲ, ಮೂಳೆಗೆ ಮೂಳೆ ತಾಗುತ್ತಿದೆ. ಆಡಬಾರದು. ಅವನಿಗೆ ಹೇಳಲಾಗಲಿಲ್ಲ.’ ಅದರ ಕೆಳಗೆ ಶನಿವಾರ: ‘ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೆ. ಚೆನ್ನಾಗಿ ಆಡಿದ.’ ಮತ್ತೆ ಗುರುವಾರ: ‘ಊತ ಜಾಸ್ತಿ. ಆಡಬಾರದು. ಹೇಳಲಾಗಲಿಲ್ಲ.’ ಶನಿವಾರ: ‘ಇಂಜೆಕ್ಷನ್.’ ಗುರುವಾರ: ‘ಮುಂದಿನ ವಾರ ಖಂಡಿತ ಹೇಳುತ್ತೇನೆ.’ ಮುಂದಿನ ವಾರ: ‘ಅವನ ಹುಟ್ಟಿದ ಹಬ್ಬ. ಹೇಳಲಾಗಲಿಲ್ಲ.’ ಹೀಗೇ ಎರಡು ಚಳಿಗಾಲದ ಆಟ. ಮಗಳು ಮೊಲೆ ಕುಡಿಯುತ್ತಿದ್ದಳು, ನಾನು ಒಂದೊಂದೇ ಹಾಳೆ ತಿರುವುತ್ತಿದ್ದೆ. ಡಿಸೆಂಬರಿನಲ್ಲಿ ಕೊನೆಯ ಸಾಲು: ‘ಇನ್ನು ಇಂಜೆಕ್ಷನ್ ಕೊಟ್ಟರೆ ಪಾಪ. ಆಡಬಾರದು. ಹೇಳಲಾಗಲಿಲ್ಲ. ಈ ವರ್ಷವೂ ಆಡು ಎಂದೆ.’

ಎಂಥ ಒಳ್ಳೆಯವನು ಅಪ್ಪ ನೀನು. ಯಾರ ಮನಸ್ಸನ್ನೂ ನೋಯಿಸದವನು. ಕೀಲು ತಪ್ಪಿದ ಭುಜ ಕೂರಿಸಿಕೊಟ್ಟಿದ್ದಕ್ಕೆ ಅವನು ನಿನ್ನನ್ನು ಊರಿನ ಒಳಗೆ ಕರೆದುಕೊಂಡ. ಅದಕ್ಕೆ ನೀನು ಅವನ ಮಂಡಿಯನ್ನು ಒಂದೊಂದೇ ಶನಿವಾರ ಪುಡಿ ಮಾಡಿದೆ. ಅವನು ಆಡದಿದ್ದರೆ ನಿನ್ನನ್ನು ಕರೆಯುವವರು ಯಾರು ಎಂಬ ಭಯವೂ ಇತ್ತಾ? ಅದನ್ನು ಮಾತ್ರ ನೀನು ಎಲ್ಲೂ ಬರೆದಿಲ್ಲ. ಕೇಳೋಣ ಅಂದರೆ...

ಎಲ್ಲ ಆಟಗಾರರೂ ಮುಗಿದ ಮೇಲೆ ಮೂರು ಖಾಲಿ ಹಾಳೆ ಬಿಟ್ಟು ಇನ್ನೊಂದು ಹಾಳೆಯಿತ್ತು. ಅಲ್ಲಿ ಆಟಗಾರನ ಹೆಸರಿನ ಜಾಗದಲ್ಲಿ ‘ನಾನು’ ಎಂದು ಬರೆದಿದ್ದೆ. ‘ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ. ಎಡ ತೋಳಿಗೆ ಇಳಿಯುತ್ತದೆ. ಸ್ಪೆಷಲಿಸ್ಟಿಗೆ ತೋರಿಸಬೇಕು. ಮನೆಯಲ್ಲಿ ಹೇಳಲಾಗಲಿಲ್ಲ.’ ಒಂದು ತಿಂಗಳು ಬಿಟ್ಟು: ‘ಮತ್ತೆ ಬಂತು. ಸುಧಾಗೆ ಏಳು ತಿಂಗಳು. ಹೆರಿಗೆ ಆಗಲಿ, ಹೇಳುತ್ತೇನೆ.’

ಇದಕ್ಕೆ ಏನು ಹೇಳಲಿ ನಿನಗೆ? ಊಟದ ಮೇಜಿನ ಆ ಕಡೆ ಕೂತಿದ್ದ ಅಳಿಯ ಆಗ ದಿನ ಬೆಳಗಾದರೆ ಇಲ್ಲಿನ ಹೃದಯದ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಉಪ್ಪು ಕೊಡು ಎಂದು ಕೇಳಿದ ಹಾಗೆ ಕೇಳಿದ್ದರೆ ಸಾಕಿತ್ತು.

ಅಮ್ಮನಿಗೆ ಪರ್ತ್‌ಗೆ ಟ್ರಂಕ್ ಕಾಲ್ ಮಾಡಿದೆ. ಪೂರ್ತಿ ಓದಿ ಹೇಳಿದೆ. ‘ಗ್ಯಾಸು ಅಂದಿದ್ರು ಕಣೆ ನನ್ನ ಹತ್ರ. ನಾನು ಜೀರಿಗೆ ನೀರು ಕುದಿಸಿ ಕೊಟ್ನಲ್ಲೇ’ ಎಂದಳು. ಆಮೇಲೆ ಅಂದಳು: ‘ಆ ಪುಸ್ತಕ ಓದ್ಬೇಡ, ಸುಧಾ. ಏನೂ ಬರೆದಿಲ್ಲ ಅಂದ್ಬಿಡು.’

‘ರಸ್ ಇನ್ನೂ ಆಡ್ತಿದಾನಮ್ಮ.’

‘ಅವನ ಕಾಲು ಅವನಿಗೆ ಗೊತ್ತಿಲ್ವಾ? ಅವರ ಹೆಸರಿಗೆ ಬೋರ್ಡು ಹಾಕ್ತಾರೆ ಅಂತೀಯ. ಹೋದವರ ಮರ್ಯಾದೆ ಬೀದಿಗೆ ತಂದು ಏನು ಮಾಡ್ಬೇಕು ನಿನಗೆ?’

ನಾನು ಒಂದು ಉಪಾಯ ಮಾಡಿಕೊಂಡು ಹೋದೆ ಅಪ್ಪ. ನೀನೇ ಮೆಚ್ಚುವಂಥದ್ದು. ಡಿಸೆಂಬರಿನ ಸಾಲಿನಲ್ಲಿ ‘ಬಲ ಮಂಡಿ, ಆಡಬಾರದು’ ಎಂಬಷ್ಟನ್ನು ಮಾತ್ರ ಓದುವುದು. ಸುಳ್ಳೂ ಅಲ್ಲ. ರಸ್ ಆಟ ಬಿಡುತ್ತಾನೆ, ಮರ್ವ್‌ಗೆ ಬೇಕಾದ್ದು ಸಿಗುತ್ತದೆ, ನಿನ್ನ ಫಲಕ ಬಾಗಿಲಿಗೆ ಏರುತ್ತದೆ. ಎಲ್ಲ ಸರಿಹೋಗುತ್ತೆ.

ಗುರುವಾರ ಸಂಜೆ ಆರೂವರೆಗೆ ಮಗುವನ್ನು ಬುಟ್ಟಿಯಲ್ಲಿ ಮಲಗಿಸಿಕೊಂಡು ಹೋದೆ. ನಿನ್ನ ಕುರ್ಚಿ ಹಾಗೇ ಖಾಲಿ ಇಟ್ಟಿದ್ದರು, ನನ್ನನ್ನು ಅದರಲ್ಲೇ ಕೂರಿಸಿದರು. ಕಮಿಟಿಯವರು ಮೇಜಿನ ಸುತ್ತ. ರಸ್ ಹಲಗೆಯ ಪಕ್ಕ ಗೋಡೆಗೆ ಒರಗಿ ನಿಂತಿದ್ದ. ಫ್ಯಾಕ್ಟರಿಯಿಂದ ನೇರ ಬಂದಿದ್ದ, ಕೈಯಲ್ಲಿ ಗ್ರೀಸಿತ್ತು. ‘ಓಹೋ, ಹೊಸ ಡಾಕ್’ ಎಂದ ನನ್ನನ್ನು ನೋಡಿ. ‘ಎರಡು ಕೈ ಇದೆ ತಾನೇ, ಸೂ?’ ಒಂದಿಬ್ಬರು ನಕ್ಕರು. ಅವನು ಮೊದಲಿನಿಂದ ನನ್ನನ್ನು ಸೂ ಅನ್ನುತ್ತಾನೆ. ಕುಳಿತುಕೊ ಎಂದು ಯಾರೋ ಕುರ್ಚಿ ತಳ್ಳಿದರು. ಕೂತರೆ ಏಳುವ ಪಾಡು ಎಲ್ಲರಿಗೂ ಕಾಣುತ್ತದೆ. ಅವನು ಕೂರಲಿಲ್ಲ.

ನಾನು ಓದಿದೆ. ಬಲ ಮಂಡಿ. ಆಡಬಾರದು. ಪುಸ್ತಕ ಮುಚ್ಚಿ ಬೆರಳನ್ನು ಒಳಗೇ ಇಟ್ಟುಕೊಂಡೆ. ಮರ್ವ್ ಉಸಿರು ಬಿಟ್ಟ. ಕೋಚ್ ನಡುವಿನ ಕೊಕ್ಕೆಗೆ ಕೈ ಹಾಕಲು ಎದ್ದ.

‘ಯಾವತ್ತು ಬರೆದದ್ದು?’ ಎಂದ ರಸ್.

‘ಡಿಸೆಂಬರ್.’

‘ಡಿಸೆಂಬರ್‌ನಲ್ಲಿ ನನಗೆ ಬೇರೆ ಹೇಳಿದ್ರು. ಕೈ ಕುಲುಕಿ ಹೇಳಿದ್ರು.’ ಪುಸ್ತಕದ ಕಡೆ ಕೈ ತೋರಿಸಿದ. ‘ಅದಕ್ಕೆ ಮುಂಚೆ ಏನಿದೆ?’

‘ಸಾಕು ಬಿಡು ರಸ್, ಡಾಕ್ ಹೇಳಿದ್ದಾಯ್ತಲ್ಲ’ ಎಂದ ಮರ್ವ್.

‘ನಿನ್ನನ್ನ ಕೇಳಲಿಲ್ಲ ಮರ್ವ್. ಸೂ, ಅದಕ್ಕೆ ಮುಂಚೆ?’

ಏನಿಲ್ಲ ಎಂದು ಹೇಳಲು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ ಅಪ್ಪ. ನಾಲಿಗೆಯ ತುದಿಗೆ ಬಂದಿತ್ತು ಆ ಮಾತು, ನಿನ್ನ ದನಿಯಲ್ಲೇ, ನೀನು ಕೊನೆಯಲ್ಲಿ ಸ್ವಲ್ಪ ಎಳೆಯುತ್ತಿದ್ದೆಯಲ್ಲ ಹಾಗೆ. ಅದು ಕೇಳಿಸಿದ್ದಕ್ಕೇ ನನಗೆ ಹೆದರಿಕೆಯಾಯಿತು. ಬೆರಳು ಇದ್ದ ಜಾಗದಿಂದ ಹಿಂದಕ್ಕೆ, ಒಂಬತ್ತು ಹಾಳೆ ಹಿಂದಕ್ಕೆ ತಿರುವಿದೆ.

‘ಅವರು ಬರೆದ ಹಾಗೇ ಓದು. ಅವರ ಭಾಷೆಯಲ್ಲೇ’ ಎಂದ ರಸ್. ನಾನು ಕನ್ನಡದಲ್ಲಿ ಓದಿದೆ. ಆ ಕೋಣೆಯಲ್ಲಿ ಯಾರಿಗೂ ಒಂದು ಪದ ಅರ್ಥವಾಗುತ್ತಿರಲಿಲ್ಲ, ಆದರೂ ಯಾರೂ ಕೆಮ್ಮಲಿಲ್ಲ. ಒಂದು ಚಳಿಗಾಲ ಮುಗಿಯಿತು. ಎರಡನೆಯದರ ಅರ್ಧಕ್ಕೆ ಬಂದಾಗ ರಸ್ ಕೈ ಎತ್ತಿದ.

‘ಒಂದು ಮಾತು ಪ್ರತಿ ಸಲ ಕೊನೇಲಿ ಬರ್ತಿದೆಯಲ್ಲ. ಅದೇನು?’

‘ಹೇಳಲಾಗಲಿಲ್ಲ ಅಂತ’ ಎಂದೆ. ‘ಆಡಬಾರದು, ಆದರೆ ನಿನಗೆ ಹೇಳಲು ಅವರಿಂದ ಆಗಲಿಲ್ಲ ಅಂತ.’

ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಇಲ್ಲವೇ ಡಾಕ್ ನನ್ನ ಮೇಲಿನ ಪ್ರೀತಿಗೆ ಹಾಗೆ ಮಾಡಿದರು ಅನ್ನುತ್ತಾನೆ, ನನಗೂ ಸ್ವಲ್ಪ ಸಮಾಧಾನವಾಗುತ್ತದೆ ಅಂತ. ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೆಲ್ಲಗೆ ಹೇಳಿದ: ‘ಪ್ರತಿ ಗುರುವಾರ ಯಾಕೆ ಅವರ ಹತ್ರ ಹೋಗಿ ಪ್ಯಾಂಟು ಮಡಚಿ ಕೂರ್ತಿದ್ದೆ ಅಂದ್ಕೊಂಡಿದ್ರಿ ನೀವೆಲ್ಲ? ನೋವು ನನಗೆ ಗೊತ್ತಿರಲಿಲ್ವಾ? ಯಾರಾದ್ರೂ ಸಾಕು ಅನ್ನಲಿ ಅಂತ. ಮರ್ವ್ ಅನ್ನಲ್ಲ. ಕೋಚ್ ಅನ್ನಲ್ಲ. ನನ್ನ ಬಾಯಲ್ಲಿ ಬರಲ್ಲ. ಡಾಕ್ ಒಂದು ಸಲ ಅಂದಿದ್ರೆ ಅವತ್ತೇ ಬಿಡ್ತಿದ್ದೆ.’

ಕೇಳಿಸಿತಾ ಅಪ್ಪ? ಅವನು ಕಾಯುತ್ತಿದ್ದ. ಎರಡು ಚಳಿಗಾಲ ನೀವಿಬ್ಬರೂ ಆ ಸಣ್ಣ ಕೋಣೆಯಲ್ಲಿ ಎದುರುಬದುರು ಕೂತು, ಒಬ್ಬ ಹೇಳಲಾರದೆ, ಒಬ್ಬ ಕೇಳಲಾರದೆ, ನಡುವೆ ಒಂದು ಸೂಜಿ ಇಟ್ಟುಕೊಂಡು...

ಬಿಲ್ಲೆಯನ್ನು ಅವನೇ ಕೊಕ್ಕೆಯಿಂದ ತೆಗೆದ. ‘ಒಂದು ಬಿಸ್ಕತ್ತಾದರೂ ಇಟ್ಟಿರಬಾರದಾ ಇದರಲ್ಲಿ’ ಎನ್ನುತ್ತ ಡಬ್ಬಿಗೆ ಹಾಕಿದ. ಹೊರಗೆ ಹೋಗುವಾಗ ಬುಟ್ಟಿಯ ಹತ್ತಿರ ನಿಂತ. ಬಗ್ಗಲಾರದೆ ಕತ್ತನ್ನಷ್ಟೇ ಚಾಚಿ ನೋಡಿ, ‘ಡಾಕ್‌ನ ಹಣೆ’ ಎಂದ. ಆಗಲೂ ನನಗೆ ಅಲ್ಲ ಎನ್ನಬೇಕೆನಿಸಿತು. ಅನ್ನಲಿಲ್ಲ. ಹಣೆ ನಿನ್ನದೇ.

ಆ ಶನಿವಾರ ಟೀಮು ಇನ್ನೂ ಹೆಚ್ಚು ಅಂತರದಲ್ಲಿ ಸೋತಿತು, ನಗಬೇಡ. ಅದರ ಮುಂದಿನ ವಾರವೂ ಸೋತರು. ನಡುವಿನ ಕೊಕ್ಕೆಗೆ ಒಬ್ಬೊಬ್ಬನನ್ನೇ ಹಾಕಿ ನೋಡುತ್ತಿದ್ದಾರೆ. ಮರ್ವ್ ಫೋನ್ ಮಾಡಿ, ‘ಮೊದಲಿನಷ್ಟಕ್ಕೇ ನಿಲ್ಲಿಸಿಬಿಡಬಹುದಿತ್ತು, ಲವ್’ ಎಂದ. ಫಲಕದ ವಿಷಯ ಸ್ವಲ್ಪ ದಿನ ಹೋಗಲಿ ಎಂದ. ಅದೀಗ ಅವನ ಗ್ಯಾರೇಜಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆಯಂತೆ. ರಸ್ ಆಸ್ಪತ್ರೆಗೆ ತೋರಿಸಿದ. ಎರಡು ವರ್ಷ ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರಂತೆ. ಈಗ ಮಂಡಿಯನ್ನು ಮಡಚಲಾಗದ ಹಾಗೆ ಬೆಸೆಯುವುದೊಂದೇ ದಾರಿ. ಅವನದು ದಿನವಿಡೀ ನಿಂತು ಮಾಡುವ ಕೆಲಸ. ಅದು ಉಳಿಯುತ್ತದೋ ಇಲ್ಲವೋ. ಇದನ್ನು ನನಗೆ ಹೇಳಿದವಳು ಅವನ ಹೆಂಡತಿ, ಅಂಗಡಿಯಲ್ಲಿ, ನನ್ನ ಮುಖ ನೋಡದೆ. ನಾನು ಕ್ಷಮಿಸಿ ಎಂದೆ. ಅವಳು ಹಾಲಿನ ಬಾಟಲಿ ತೆಗೆದುಕೊಂಡು ಹೋದಳು. ಅಮ್ಮ ಎರಡು ವಾರ ಮಾತು ಬಿಟ್ಟಿದ್ದಳು.

ನಿನ್ನನ್ನು ಬೈಯಲಿಕ್ಕೇ ಕೂತೆ, ಬೈದದ್ದಾಯಿತು. ಇನ್ನೊಂದು ಉಳಿದಿದೆ. ಪುಸ್ತಕ ಓದಿ ಬಂದ ಆ ಗುರುವಾರ, ಮಗುವನ್ನು ಇಳಿಸುವ ಮುಂಚೆಯೇ ಮೋಹನ್ ಫೋನ್ ಬಂತು. ದಿನಾ ಕೇಳುವ ಹಾಗೆ, ‘ಹೇಗಿದ್ದೀಯ?’ ಎಂದರು. ದಿನಾ ಹೇಳುವ ಹಾಗೆ ಹೇಳಿದೆ: ‘ಚೆನ್ನಾಗಿದೀನಿ. ಏನಿಲ್ಲ.’

ರಿಸೀವರ್ ಇಟ್ಟ ಮೇಲೆ ಗೊತ್ತಾಯಿತು. ಒಂಬತ್ತು ಜನ ಗಂಡಸರ ಎದುರಿಗೆ ನಿನ್ನ ಬಂಡವಾಳ ಬಿಚ್ಚಿ ಬಂದವಳು ನಾನು, ಇಪ್ಸ್‌ವಿಚ್ಚಿನಲ್ಲಿದ್ದ ಇವರಿಗೆ ನಿನ್ನ ‘ಏನಿಲ್ಲ’ವನ್ನೇ ಮಾರಿದ್ದೆ. ಮಗು ಹುಟ್ಟಿದಂದಿನಿಂದ ಎರಡು ಗಂಟೆ ಒಟ್ಟಿಗೆ ನಿದ್ದೆ ಮಾಡಿಲ್ಲ, ಅವಳು ಮಲಗಿದರೂ ಬರುವುದಿಲ್ಲ. ಹಿತ್ತಿಲ ಮೂರು ಮೆಟ್ಟಿಲು ಇಳಿಯಬೇಕಾದರೆ ಮಗುವನ್ನು ಕೈಬಿಟ್ಟುಬಿಡುತ್ತೇನೆ ಅನ್ನಿಸಿ ಬಾಗಿಲಲ್ಲೇ ನಿಂತುಬಿಡುತ್ತೇನೆ, ಒಗೆದ ಬಟ್ಟೆ ಬಕೆಟ್ಟಿನಲ್ಲೇ ವಾಸನೆ ಬರುತ್ತದೆ. ಮೊನ್ನೆ ನೀರಿಲ್ಲದ ಕೆಟಲನ್ನು ಒಲೆಯ ಮೇಲಿಟ್ಟು ಅದು ಕ‌ಪ್ಪಾಗುವುದನ್ನು ನೋಡುತ್ತ ಕೂತಿದ್ದೆ. ಇವರಿಗೆ ಸ್ಪೆಷಲಿಸ್ಟ್ ಆಗುವ ಪರೀಕ್ಷೆ ಹತ್ತಿರ ಬಂದಿದೆ, ಅದು ಮುಗಿಯಲಿ, ಹೇಳಿದರಾಯಿತು ಅಂತ. ಹೆರಿಗೆ ಆಗಲಿ, ಹೇಳುತ್ತೇನೆ ಅಂತ ಇನ್ನೊಬ್ಬರು ಬರೆದಿದ್ದರಲ್ಲ.

ಇವತ್ತು ಬೆಳಿಗ್ಗೆ ವಾರ್ಡಿಗೇ ಫೋನ್ ಮಾಡಿ ಅವರನ್ನು ಕರೆಸಿದೆ. ಮೆಟ್ಟಿಲು, ಕೆಟಲು, ಎಲ್ಲ ಹೇಳಿದೆ. ಅವರು ಏನಿಲ್ಲ ಅನ್ನಲಿಲ್ಲ. ‘ಎಷ್ಟು ದಿನದಿಂದ, ಸುಧಾ?’ ಎಂದು ಮಾತ್ರ ಕೇಳಿದರು. ಶನಿವಾರ ಬರುತ್ತಾರೆ. ಅಲ್ಲಿಯವರೆಗೆ ಒಬ್ಬಳೇ ಇರಬೇಡ ಎಂದರು. ಅಮ್ಮನಿಗೂ ಮಾಡಿದೆ. ‘ಮೊದಲೇ ಬಾಯಿ ಬಿಡಬಾರದಿತ್ತೇನೆ’ ಎಂದು ಬೈದಳು, ನಾಳೆಯ ವಿಮಾನಕ್ಕೆ ಹೊರಟಿದ್ದಾಳೆ. ಜೀರಿಗೆ ನೀರು ಕೊಡ್ತೀನಿ ಅನ್ನಲಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಅದು ಈಗ ಸುಳ್ಳಾಗುತ್ತದೆ. ಒಂದು ಮಾತು ಮಾತ್ರ ಕೊಡುತ್ತೇನೆ. ನಂದಿನಿ ಇಲ್ಲೇ ಬೆಳೆಯುವವಳು, ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಆದರೂ ಅವಳಿಗೆ ಕನ್ನಡ ಓದಲು ಕಲಿಸುತ್ತೇನೆ. ನಾನು ಬರೆದದ್ದನ್ನು ಓದಲು ಅವಳು ನಾನು ಸಾಯುವವರೆಗೆ ಕಾಯಬಾರದು.

ನಿನ್ನ ಪುಸ್ತಕ ಕ್ಲಬ್ಬಿಗೆ ಕೊಡಲಿಲ್ಲ. ನಿನ್ನ ಹಾಳೆ ಆದ ಮೇಲೆ ಒಂದು ಹಾಳೆಗೆ ನನ್ನ ಹೆಸರು ಹಾಕಿದ್ದೇನೆ. ‘ನಿದ್ದೆಯಿಲ್ಲ. ಭಯ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ಮನೆಯಲ್ಲಿ ಹೇಳಿದೆ.’

ಸುಧಾ